ನೈಲಾನ್ ದಾರದಲ್ಲಿ ಹುಲ್ಲು ಹೊಡೆಯುವುದು ಹೇಗೆ: ಕಣ್ಣು, ಕಾಲು, ಡ್ರಿಪ್ ಪೈಪ್ ಎಲ್ಲ ಉಳಿಸಿಕೊಂಡು

ಹುಲ್ಲು ಹೊಡೆಯುವ ಮಷಿನ್ ಮನೆಗೆ ತಂದ ದಿನ ನಮ್ಮ ಕಾಕಾ ಅದರ ಪೈಪ್ ತುದಿಯಲ್ಲಿ ತಿರುಗುವ ಹೆಡ್‌ನಿಂದ ಹೊರಗೆ ಇಣುಕುತ್ತಿದ್ದ ನೈಲಾನ್ ದಾರವನ್ನು ಎರಡು ಬೆರಳಲ್ಲಿ ಮಡಚಿ ನೋಡಿದರು. "ಏನಪಾ, ಈ ವಾಯರ್ ಹುಲ್ ಕೊಯ್ತೈತೇನ? ನನ್ನ ಕುಡಗೋಲಿಗೆ ಸಮ ಆಗ್ತೈತೇನ ಇದು?" ಅಂದರು. ಕಾಲು ಗಂಟೆ ಕಳೆದಿರಲಿಲ್ಲ, ಅದೇ ದಾರ ಎಗರಿಸಿದ ಒಂದು ಗರಸಿನ ಕಲ್ಲು ಹತ್ತು ಹೆಜ್ಜೆ ಆಚೆ ನಿಂತಿದ್ದ ಅವರ ಬೈಕಿನ ಹೆಡ್‌ಲೈಟ್ ಗಾಜನ್ನು ಪುಡಿ ಮಾಡಿತು. ತಪ್ಪು ನನ್ನದೇ. ಬೈಕ್ ಅಲ್ಲಿರುವುದು ನನಗೆ ಗೊತ್ತಿತ್ತು. ಬರೀ ದಾರ ಅಲ್ವಾ ಅಂತ ಬಿಟ್ಟಿದ್ದೆ.

ಬ್ಲೇಡ್ ಕಂಡರೆ ಎಲ್ಲರೂ ಹೆದರುತ್ತಾರೆ. ದಾರ ಕಂಡರೆ ಯಾರೂ ಹೆದರುವುದಿಲ್ಲ. ಅದಕ್ಕೇ ಈ ಬರಹ. ನಮ್ಮದು ಕಾರಟಗಿ ಕಡೆ, ತುಂಗಭದ್ರಾ ಎಡದಂಡೆ ಕಾಲುವೆ ನೀರಿನ ಭತ್ತದ ಗದ್ದೆ. ಕುಷ್ಟಗಿ ಕಡೆ ನೆಂಟರ ದಾಳಿಂಬೆ ತೋಟದಲ್ಲೂ ಆಗಾಗ ಇದೇ ಮಷಿನ್ ಹಿಡಿಯುತ್ತೇನೆ. ಬದುವಿನ ಹುಲ್ಲು ಬೇರೆ, ತೋಟದ ಹುಲ್ಲು ಬೇರೆ. ಎರಡೂ ಕಡೆ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ.

ಮೆತ್ತನೆ ದಾರ ಹುಲ್ಲನ್ನು ಹೇಗೆ ಕೊಯ್ಯುತ್ತದೆ

ಕುಡುಗೋಲು ಹಿಡಿದಾಗ ನಿಮ್ಮ ಎಡಗೈ ಏನು ಮಾಡುತ್ತದೆ ನೆನಪಿಸಿಕೊಳ್ಳಿ. ಹುಲ್ಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದಿರುತ್ತದೆ. ಹಿಡಿಯದೆ ಸುಮ್ನೆ ಬೀಸಿದರೆ ಹುಲ್ಲು ಬಾಗುತ್ತದೆ, ಕೊಯ್ಯುವುದಿಲ್ಲ. ಮಷಿನ್‌ಗೆ ಎಡಗೈ ಇಲ್ಲ. ಆ ಎಡಗೈ ಕೆಲಸವನ್ನು ಇಲ್ಲಿ ವೇಗ ಮಾಡುತ್ತದೆ. ಹುಲ್ಲಿನ ಎಸಳಿಗೆ ಬಾಗಲು ಸಮಯವೇ ಸಿಗಬಾರದು, ಅಷ್ಟು ಬೇಗ ದಾರ ಬಂದು ಬಡಿಯಬೇಕು.

ಎಷ್ಟು ಬೇಗ? ಒಂದು ಲೆಕ್ಕ ಹಾಕೋಣ. ಹೆಡ್ ನಿಮಿಷಕ್ಕೆ 6000 ಸುತ್ತು ತಿರುಗುತ್ತದೆ ಅಂದುಕೊಳ್ಳಿ, ಅಂದರೆ ಸೆಕೆಂಡಿಗೆ 100 ಸುತ್ತು. ನಡುವಿನಿಂದ ದಾರದ ತುದಿಗೆ 20 ಸೆಂಟಿಮೀಟರ್ ಇದ್ದರೆ ತುದಿ ಒಂದು ಸುತ್ತಿಗೆ ಸುಮಾರು 125 ಸೆಂಟಿಮೀಟರ್ ಓಡುತ್ತದೆ. ಸೆಕೆಂಡಿಗೆ 125 ಮೀಟರ್ ಆಯಿತು. ಗಂಟೆಗೆ 450 ಕಿಲೋಮೀಟರ್! ಆ ವೇಗದಲ್ಲಿ ದಾರ ಮೆತ್ತಗೆ ಉಳಿಯುವುದಿಲ್ಲ. ಹೆಡ್‌ನಿಂದ ಹೊರಗಿರುವ 2.4 ಮಿಲಿಮೀಟರ್ ದಪ್ಪದ ಆ ತುಂಡು ತೂಕದಲ್ಲಿ ಒಂದು ಗ್ರಾಂ ಕೂಡ ಇಲ್ಲ, ಆದರೆ ತಿರುಗುವಾಗ ಸುಮಾರು ಮೂರೂವರೆ ಕಿಲೋ ಭಾರ ತೂಗುಬಿಟ್ಟಷ್ಟು ಜೋರಾಗಿ ಹೊರಗೆ ಎಳೆಯುತ್ತಿರುತ್ತದೆ. ಆ ಎಳೆತಕ್ಕೇ ಅದು ಕಡ್ಡಿಯ ಹಾಗೆ ಸೆಟೆದು ನಿಲ್ಲುವುದು. ಕವಣೆ ಬೀಸಿದವರಿಗೆ ಇದು ಹೇಳಬೇಕಾಗಿಲ್ಲ.

ಇದನ್ನು ಮೊದಲು ಮಾಡಿದವನು ಅಮೆರಿಕದ ಹ್ಯೂಸ್ಟನ್ ಊರಿನ ಜಾರ್ಜ್ ಬಲ್ಲಾಸ್, 1971ರಲ್ಲಿ. ಕಾರು ತೊಳೆಯುವ ಕಡೆ ಗಿರಗಿರ ತಿರುಗುವ ಬ್ರಷ್‌ಗಳನ್ನು ನೋಡಿ ಅವನಿಗೆ ಇದು ಹೊಳೆಯಿತಂತೆ. ಪಾಪ್‌ಕಾರ್ನ್ ಡಬ್ಬಿಗೆ ತೂತು ಕೊರೆದು, ಮೀನು ಹಿಡಿಯುವ ದಾರ ಪೋಣಿಸಿ, ಅದನ್ನು ತಿರುಗಿಸಿ ನೋಡಿದ. ನಮ್ಮ ಊರಿನ ವೆಲ್ಡಿಂಗ್ ಅಂಗಡಿಯವರು ಮಾಡುವಂಥದ್ದೇ ಕೆಲಸ.

ಈ ಲೆಕ್ಕದಿಂದ ಒಂದು ಮಾತು ಗಟ್ಟಿ ಮಾಡಿಕೊಳ್ಳಿ. ಕೊಯ್ಯುವುದು ದಾರದ ತುದಿ ಮಾತ್ರ. ಕೊನೆಯ ಎರಡು-ಮೂರು ಸೆಂಟಿಮೀಟರ್. ಹೆಡ್ ಹತ್ತಿರದ ದಾರಕ್ಕೆ ಅರ್ಧ ವೇಗವೂ ಇರುವುದಿಲ್ಲ, ಅದು ಹುಲ್ಲನ್ನು ಸುತ್ತಿಕೊಳ್ಳುತ್ತದೆ ಅಷ್ಟೇ. ಮುಂದೆ ಹೇಳುವ ಮುಕ್ಕಾಲು ಪಾಲು ಸಂಗತಿ ಇದರಿಂದಲೇ ಹುಟ್ಟುತ್ತದೆ.

ಮಷಿನ್ ಮತ್ತು ಪೆಟ್ರೋಲ್, ಬೇಗ ಮುಗಿಸೋಣ

ಮನೆ ಅಂಗಳಕ್ಕೆ ಬ್ಯಾಟರಿಯದು ಸಾಕು. ಹೊಲಕ್ಕೆ ಪೆಟ್ರೋಲಿನದೇ ಬೇಕು. ಟೂ ಸ್ಟ್ರೋಕ್ ಆದರೆ ಪೆಟ್ರೋಲಿಗೆ ಟೂಟಿ ಆಯಿಲ್ ಬೆರೆಸಬೇಕು. ನಿಮ್ಮ ಮಷಿನ್ ಪುಸ್ತಕದಲ್ಲಿ 50ಕ್ಕೆ 1 ಅಂತ ಇದ್ದರೆ ಲೀಟರಿಗೆ 20 ಮಿಲಿ, 25ಕ್ಕೆ 1 ಅಂತ ಇದ್ದರೆ 40 ಮಿಲಿ. ಕಣ್ಣಳತೆ ಬೇಡ, ಔಷಧಿ ಬಾಟಲಿಯ ಮುಚ್ಚಳದಲ್ಲಾದರೂ ಅಳೆಯಿರಿ. ಫೋರ್ ಸ್ಟ್ರೋಕ್ ಆದರೆ ಬೆರೆಸಲೇಬಾರದು, ಇಂಜಿನ್ ಆಯಿಲ್ ಬೇರೆ ಕಡೆ ಹಾಕುತ್ತಾರೆ. ಓಡಿ ಬಿಸಿಯಾದ ಮಷಿನ್‌ಗೆ ತಕ್ಷಣ ಪೆಟ್ರೋಲ್ ಸುರಿಯಬೇಡಿ. ಹತ್ತು ನಿಮಿಷ ಆರಲಿ. ಸೈಲೆನ್ಸರ್ ಪಕ್ಕದಲ್ಲೇ ಟ್ಯಾಂಕ್ ಇರುತ್ತದೆ, ಸುತ್ತ ಒಣ ಹುಲ್ಲು ಬೇರೆ.

ಕಟ್ಟಿಕೊಳ್ಳುವುದು, ತೊಟ್ಟುಕೊಳ್ಳುವುದು

ಮೊದಲು ಬಟ್ಟೆ. ಲುಂಗಿ, ಧೋತರ ಉಟ್ಟು ಈ ಕೆಲಸ ಮಾಡಲೇಬಾರದು. ಕೊರಳಿಗೆ ಟವೆಲ್ ಇಳಿಬಿಟ್ಟುಕೊಳ್ಳುವುದೂ ಬೇಡ. ನಮ್ಮ ಕಡೆ ಬಿಸಿಲಿಗೆ ಟವೆಲ್ ಇಲ್ಲದೆ ಯಾರೂ ಹೊರಗೆ ಬರುವುದಿಲ್ಲ, ಗೊತ್ತು. ಬೇಕಾದರೆ ತಲೆಗೆ ಬಿಗಿಯಾಗಿ ಸುತ್ತಿಕೊಂಡು ತುದಿ ಒಳಗೆ ಸಿಕ್ಕಿಸಿ. ಹೆಣ್ಣುಮಕ್ಕಳು ಮಷಿನ್ ಹಿಡಿಯುವುದಾದರೆ ಸೀರೆ ಸೆರಗಿನ ಗೊಡವೆ ಇಲ್ಲದ ಬಟ್ಟೆ ಹಾಕಿಕೊಳ್ಳಿ. ದಪ್ಪ ಪ್ಯಾಂಟ್, ಗಂಬೂಟು ಇಲ್ಲವೇ ದಪ್ಪ ಶೂ. ಚಪ್ಪಲಿ ಹಾಕಿಕೊಂಡು ಹೊಡೆಯುವವರನ್ನು ದಿನಾ ನೋಡುತ್ತೇನೆ. ಮೊಣಕಾಲ ಕೆಳಗಿನ ಎಲುಬಿನ ಮೇಲೆ ಒಂದು ಕಲ್ಲು ಬಿದ್ದರೆ ಮರುದಿನ ತಾವೇ ಶೂ ಹುಡುಕುತ್ತಾರೆ.

ಕಣ್ಣು ಎಲ್ಲಕ್ಕಿಂತ ಮುಖ್ಯ. ಬಿಸಿಲಿನ ಕನ್ನಡಕ ಸಾಲದು, ಅದರ ಗಾಜೇ ಒಡೆದು ಕಣ್ಣಿಗೆ ಬರಬಹುದು. ಕಣ್ಣನ್ನು ಪಕ್ಕದಿಂದಲೂ ಮುಚ್ಚುವ ಪ್ಲಾಸ್ಟಿಕ್ ಗಾಗಲ್ ಹಾಕಿ, ಅದರ ಮೇಲೆ ಮುಖ ಮುಚ್ಚುವ ಜಾಲರಿ ಇದ್ದರೆ ಒಳ್ಳೆಯದು. ಬರೀ ಜಾಲರಿ ಒಂದೇ ಸಾಲದು, ಸಣ್ಣ ಚೂರು ಅದರ ಸಂದಿಯಿಂದ ನುಗ್ಗುತ್ತದೆ. ಎಕ್ಕೆ ಗಿಡಕ್ಕೆ ದಾರ ತಾಗಿದಾಗ ಹಾಲು ನಾಲ್ಕೂ ಕಡೆ ಸಿಡಿಯುತ್ತದೆ. ಆ ಹಾಲು ಕಣ್ಣಿಗೆ ಬಿದ್ದರೆ ಕೆಟ್ಟದ್ದು. ಎಕ್ಕೆಯನ್ನು ನಾನು ಮೊದಲೇ ಕುಡುಗೋಲಿನಲ್ಲಿ ತೆಗೆದುಬಿಡುತ್ತೇನೆ.

ಕಿವಿಗೂ ಏನಾದರೂ ಹಾಕಿ. ಪೆಟ್ರೋಲ್ ಮಷಿನ್ ಸದ್ದು ಕಿವಿ ಹತ್ತಿರ 90 ಡೆಸಿಬಲ್ ದಾಟುತ್ತದೆ, 85 ದಾಟಿದ ಸದ್ದು ದಿನಗಟ್ಟಲೆ ಕೇಳಿದರೆ ಕಿವಿ ಮಂದವಾಗುತ್ತದೆ. ಕಾಂಗ್ರೆಸ್ ಕಸ ಇರುವ ಕಡೆ ಮೂಗಿಗೆ ಮಾಸ್ಕ್ ಬೇಕೇ ಬೇಕು. ಅದರ ಪುಡಿ ಮೈಗೆ ಬಿದ್ದರೆ ತುರಿಕೆ, ಕೆಲವರಿಗೆ ಉಬ್ಬಸ.

ಮಷಿನ್ ತೂಗುಹಾಕುವ ಭುಜದ ಬೆಲ್ಟ್ ಹಾಕಿಕೊಂಡ ಮೇಲೆ ಒಂದು ಪರೀಕ್ಷೆ ಮಾಡಿ. ಎರಡೂ ಕೈ ಬಿಡಿ. ಹೆಡ್ ನೆಲದಿಂದ ನಾಲ್ಕು ಬೆರಳು ಮೇಲೆ, ನೆಲಕ್ಕೆ ಸಮನಾಗಿ ತಾನೇ ತೂಗಬೇಕು. ಹೆಡ್ ನೆಲಕ್ಕೆ ಕುಕ್ಕಿದರೆ ಬೆಲ್ಟ್ ಕೊಂಡಿಯನ್ನು ಪೈಪ್ ಮೇಲೆ ಮುಂದಕ್ಕೆ ಸರಿಸಿ, ಮೇಲೆದ್ದರೆ ಹಿಂದಕ್ಕೆ. ಇದೊಂದು ಸರಿ ಮಾಡಿಕೊಂಡರೆ ಸಂಜೆ ಬೆನ್ನು ನೋವು ಅರ್ಧ ಕಡಿಮೆ.

ಗಾರ್ಡ್ ಬಿಚ್ಚಬೇಡಿ

ಅರ್ಧಕ್ಕರ್ಧ ಮಷಿನ್‌ಗಳಲ್ಲಿ ಗಾರ್ಡ್, ಅಂದರೆ ಹೆಡ್ ಹಿಂದಿನ ಅಡ್ಡ ಮುಚ್ಚಳ, ಇರುವುದೇ ಇಲ್ಲ. "ಹುಲ್ ಸಿಕ್ಕೊಳ್ತೈತ್ರಿ" ಅಂತ ಬಿಚ್ಚಿ ಮೂಲೆಗೆ ಎಸೆದಿರುತ್ತಾರೆ. ಆ ಗಾರ್ಡ್ ನಿಮ್ಮ ಕಾಲಿಗೆ ಬರುವ ಕಲ್ಲು ತಡೆಯುತ್ತದೆ ಅನ್ನುವುದು ಒಂದು. ಇನ್ನೊಂದು ಕೆಲಸ ಜನರಿಗೆ ಗೊತ್ತಿಲ್ಲ. ಗಾರ್ಡ್ ಅಂಚಿನಲ್ಲಿ ಒಂದು ಚಿಕ್ಕ ಬ್ಲೇಡ್ ತುಂಡು ಇದೆ ನೋಡಿ, ದಾರ ಜಾಸ್ತಿ ಹೊರಗೆ ಬಂದರೆ ಅದು ಅಳತೆಗೆ ಕತ್ತರಿಸುತ್ತದೆ. ಗಾರ್ಡ್ ಇಲ್ಲದಿದ್ದರೆ ದಾರ ಉದ್ದ ಆಗುತ್ತಾ ಹೋಗುತ್ತದೆ, ಇಂಜಿನ್ ಮೇಲೆ ಭಾರ ಬೀಳುತ್ತದೆ, ಸುತ್ತು ಕಡಿಮೆ ಆಗುತ್ತದೆ, ಹುಲ್ಲು ಕೊಯ್ಯದೆ ಸುತ್ತಿಕೊಳ್ಳಲು ಶುರುವಾಗುತ್ತದೆ, ಕ್ಲಚ್ ಬಿಸಿಯಾಗಿ ಸವೆಯುತ್ತದೆ. ಹುಲ್ಲು ಸಿಕ್ಕಿಕೊಳ್ಳುತ್ತೆ ಅಂತ ಗಾರ್ಡ್ ಬಿಚ್ಚಿದವರ ಮಷಿನ್‌ನಲ್ಲೇ ಹುಲ್ಲು ಜಾಸ್ತಿ ಸಿಕ್ಕಿಕೊಳ್ಳುವುದು ಇದಕ್ಕೆ.

ದಾರ ತುಂಬುವುದು

ದಪ್ಪ ಎಷ್ಟು ಅನ್ನುವುದನ್ನು ಹೆಡ್ ಹೇಳುತ್ತದೆ, ನೀವಲ್ಲ. 2.4 ಬರೆದಿದ್ದರೆ 2.4, 3 ಬರೆದಿದ್ದರೆ 3. ದಪ್ಪದ್ದು ಗಟ್ಟಿ ಅಂತ ಸಣ್ಣ ಮಷಿನ್‌ಗೆ 3 ಮಿಲಿಮೀಟರ್ ಹಾಕಿದರೆ ಇಂಜಿನ್ ಏದುಸಿರು ಬಿಡುತ್ತದೆ. ಗುಂಡು ದಾರ ಜಾಸ್ತಿ ದಿನ ಬರುತ್ತದೆ. ಚೌಕ ದಾರದ ಅಂಚು ಚೂಪು, ಗಟ್ಟಿ ದಂಟಿನ ಕಸಕ್ಕೆ ಚೆನ್ನಾಗಿದೆ, ಆದರೆ ಬೇಗ ಸವೆಯುತ್ತದೆ.

ನನ್ನ ಹೆಡ್‌ಗೆ ಐದು ಮೀಟರ್ ಹಿಡಿಯುತ್ತದೆ. ಮೊದಲು ಮಷಿನ್ ಆಫ್ ಮಾಡಿ ಪ್ಲಗ್ ಕ್ಯಾಪ್ ಎಳೆದು ತೆಗೆಯಿರಿ. ದಾರವನ್ನು ನಡುವೆ ಮಡಚಿ, ಒಂದು ತುದಿ ಇನ್ನೊಂದಕ್ಕಿಂತ ನಾಲ್ಕು ಬೆರಳು ಉದ್ದ ಇರಲಿ. ಮಡಿಕೆಯನ್ನು ಹೆಡ್ ಒಳಗಿನ ಉರುಳೆಯ ನಡುವಿನ ಗೀರಿಗೆ ಸಿಕ್ಕಿಸಿ. ಉರುಳೆಯ ಮೇಲೆ ಬಾಣದ ಗುರುತು ಇರುತ್ತದೆ, ಅದೇ ದಿಕ್ಕಿಗೆ ಸುತ್ತಿ. ಎರಡು ಎಳೆ ಎರಡು ಕೋಣೆಯಲ್ಲಿ, ಒಂದರ ಪಕ್ಕ ಒಂದು, ಬಿಗಿಯಾಗಿ ಕೂರಬೇಕು. ಒಂದರ ಮೇಲೊಂದು ಅಡ್ಡ ಬಂದರೆ ಆಮೇಲೆ ದಾರ ಇಳಿಯುವುದಿಲ್ಲ. ಅಂಚಿನವರೆಗೂ ತುಂಬಬೇಡಿ. ತುದಿಗಳನ್ನು ತೂತಿನಿಂದ ಹೊರಗೆಳೆದು, ಮುಚ್ಚಳ ಟಕ್ ಅನ್ನುವವರೆಗೆ ಒತ್ತಿ.

ನಮ್ಮ ಕಡೆಯವರಿಗೆ ಅಂತಲೇ ಒಂದು ಮಾತು. ನೈಲಾನ್ ನೀರು ಕುಡಿಯುತ್ತದೆ. ರಾಯಚೂರು, ಬಳ್ಳಾರಿ, ಕೊಪ್ಪಳದ ಬೇಸಿಗೆಯಲ್ಲಿ ತಗಡಿನ ಶೆಡ್‌ನಲ್ಲಿ ಬಿದ್ದ ದಾರ ಒಳಗಿನ ತೇವವೆಲ್ಲ ಆರಿ ಪುಟುಪುಟು ಮುರಿಯುತ್ತದೆ, ಹತ್ತು ನಿಮಿಷಕ್ಕೊಮ್ಮೆ ದಾರ ಮುಗಿಯುತ್ತದೆ, ಅಂಗಡಿಯವನು ಮೋಸ ಮಾಡಿದ ಅಂತ ಬೈಯುತ್ತೇವೆ. ಹಿಂದಿನ ದಿನ ಬೆಳಿಗ್ಗೆಯೇ ಬಕೆಟ್ ನೀರಿನಲ್ಲಿ ಮುಳುಗಿಸಿಡಿ, ಒಂದು ದಿನ ಪೂರ್ತಿ. ವ್ಯತ್ಯಾಸ ನೀವೇ ನೋಡುತ್ತೀರಿ.

ದಾರ ಖಾಲಿ ಆಯಿತು ಅಂತ ಬೈಂಡಿಂಗ್ ವೈರ್, ಬೈಕಿನ ಕ್ಲಚ್ ಕೇಬಲ್ ಹಾಕುವವರಿದ್ದಾರೆ. ದಯವಿಟ್ಟು ಬೇಡ. ನೈಲಾನ್ ತುಂಡಾದರೆ ಅರ್ಧ ಗ್ರಾಂ ಪ್ಲಾಸ್ಟಿಕ್. ತಂತಿ ತುಂಡಾದರೆ ಅದು ಬಂದೂಕಿನ ಗುಂಡು. ಸರಪಳಿ ಕೊಂಡಿಗಳನ್ನು ಜೋಡಿಸಿದ ಹೆಡ್‌ಗಳನ್ನು ಒಂದು ಸಾವಿನ ನಂತರ ಯುರೋಪಿನಲ್ಲಿ 2012ರಲ್ಲಿ ನಿಷೇಧಿಸಿದರು. ಇಲ್ಲಿ ಅದು ಕಣ್ಣಿಗೆ ಬಿದ್ದರೂ ಕೊಳ್ಳಬೇಡಿ.

ಹೊಲಕ್ಕೆ ಇಳಿಯುವ ಮುಂಚೆ

ಕೈಯಲ್ಲೊಂದು ಕೋಲು ಹಿಡಿದು ಹೊಡೆಯುವ ಜಾಗದಲ್ಲಿ ಒಂದು ಸುತ್ತು ನಡೆಯಿರಿ. ಹುಲ್ಲು ಬಡಿಯುತ್ತಾ ಹೋಗಿ. ಇಲಿ ಹಿಂದೆ ಬಂದ ನಾಗರ, ಕೊಳಕುಮಂಡಲ ಭತ್ತದ ಬದುವಿನಲ್ಲೇ ಇರುತ್ತವೆ. ಸದ್ದಿಗೆ ಅವೇ ಸರಿದು ಹೋಗಲಿ. ಹಾಗೇ ಕಲ್ಲು, ಬಾಟಲಿ, ತಂತಿ, ಗೊಬ್ಬರದ ಚೀಲದ ದಾರ ಎಲ್ಲ ಆಯ್ದು ಆಚೆ ಹಾಕಿ. ಎರೆ (ಕರಿ ಮಣ್ಣಿನ) ಹೊಲದಲ್ಲಿ ಕಲ್ಲು ಕಡಿಮೆ. ಮಸಾರಿಯಲ್ಲಿ (ಕೆಂಪು ಮಣ್ಣಿನಲ್ಲಿ), ಗರಸಿನ ದಾರಿ ಪಕ್ಕದಲ್ಲಿ ಹೆಜ್ಜೆಗೊಂದು ಕಲ್ಲು. ಎಲ್ಲ ಆಯಲು ಆಗುವುದಿಲ್ಲ, ಅಂಥ ಕಡೆ ದಾರವನ್ನು ನೆಲದಿಂದ ಎಂಟು ಬೆರಳು ಮೇಲೆ ಓಡಿಸಿ. ಬುಡದಲ್ಲಿ ಸ್ವಲ್ಪ ಹುಲ್ಲು ಉಳಿದರೆ ಉಳಿಯಲಿ.

ನಿಮ್ಮ ಸುತ್ತ 15 ಮೀಟರ್ ಒಳಗೆ ಯಾರೂ ಇರಬಾರದು. ಇಪ್ಪತ್ತು ದೊಡ್ಡ ಹೆಜ್ಜೆ. ಮಕ್ಕಳು, ದನ, ಬೈಕ್, ಕಾಕಾ ಎಲ್ಲ ಸೇರಿ. ಮಾತಾಡಿಸಲು ಬರುವವರು ಹಿಂದಿನಿಂದ ಬಂದು ಭುಜ ಮುಟ್ಟುತ್ತಾರೆ, ನಾವು ಮಷಿನ್ ಸಮೇತ ತಿರುಗುತ್ತೇವೆ. ಮನೆಯವರಿಗೆ ಮೊದಲೇ ಹೇಳಿಡಿ: ಎದುರಿಗೆ ದೂರ ನಿಂತು ಕೈ ಮೇಲೆತ್ತಿ, ನಾನು ಬಂದ್ ಮಾಡಿದ ಮೇಲೆ ಬನ್ನಿ.

ಸಮಯ ಬೆಳಿಗ್ಗೆ ಆರರಿಂದ ಒಂಬತ್ತು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ, ಗಾಗಲ್, ಮಾಸ್ಕ್, ದಪ್ಪ ಪ್ಯಾಂಟ್ ಹಾಕಿಕೊಂಡು ಹತ್ತರ ನಂತರ ನಿಂತರೆ ತಲೆ ಸುತ್ತುತ್ತದೆ. ಬಿಸಿಲಿಗೆ ಬೇಸತ್ತು ಎಲ್ಲರೂ ಮೊದಲು ಕಿತ್ತೆಸೆಯುವುದು ಗಾಗಲ್ ಅನ್ನೇ.

ಶುರು ಮಾಡುವುದು, ಬೀಸುವುದು

ಮಷಿನ್ ಅನ್ನು ಸಮ ನೆಲದಲ್ಲಿ ಮಲಗಿಸಿ, ಹೆಡ್ ಯಾವುದಕ್ಕೂ ತಾಗದಂತೆ ಇಡಿ. ಪೆಟ್ರೋಲ್ ಒತ್ತುವ ರಬ್ಬರ್ ಗುಬ್ಬಿಯನ್ನು ಐದಾರು ಸಲ ಒತ್ತಿ, ಚೋಕ್ ಹಾಕಿ, ಎಡಗೈಯಲ್ಲಿ ಗಟ್ಟಿ ಅದುಮಿ ಹಿಡಿದು ಹಗ್ಗ ಎಳೆಯಿರಿ. ಇಂಜಿನ್ ಕೆಮ್ಮಿದ ತಕ್ಷಣ ಚೋಕ್ ತೆಗೆದು ಮತ್ತೆ ಎಳೆಯಿರಿ. ಶುರುವಾದ ಮೇಲೆ ಟ್ರಿಗರ್ ಮುಟ್ಟದೆ ಹೆಡ್ ನೋಡಿ. ಸುಮ್ಮನೆ ನಿಂತಿರಬೇಕು. ತಾನೇ ತಿರುಗುತ್ತಿದ್ದರೆ ಖಾಲಿ ಓಟದ ವೇಗ ಹೊಂದಿಸುವ ಸ್ಲೋ ಸ್ಕ್ರೂ ಇಳಿಸಬೇಕು, ಇಳಿಸದೆ ಬೆಲ್ಟ್‌ಗೆ ಹಾಕಿಕೊಳ್ಳಬೇಡಿ.

ಈಗ ದಿಕ್ಕಿನ ಲೆಕ್ಕ. ಉದ್ದ ನೇರ ಪೈಪಿನ ಮಷಿನ್‌ಗಳಲ್ಲಿ ಮೇಲಿನಿಂದ ನೋಡಿದರೆ ಹೆಡ್ ಸಾಮಾನ್ಯವಾಗಿ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗುತ್ತದೆ. ಬಾಗಿದ ಪೈಪಿನವುಗಳಲ್ಲಿ ಉಲ್ಟಾ. ಗಾರ್ಡ್ ಮೇಲಿನ ಬಾಣ ನೋಡಿ ಖಾತ್ರಿ ಮಾಡಿಕೊಳ್ಳಿ. ನೇರ ಪೈಪಿನದಾದರೆ ಮುಂದೆ ಇರುವ ದಾರ ಬಲದಿಂದ ಎಡಕ್ಕೆ ಓಡುತ್ತಿರುತ್ತದೆ. ಆದ್ದರಿಂದ ಕೊಯ್ಯುವ ಬೀಸು ಬಲದಿಂದ ಎಡಕ್ಕೆ. ಹುಲ್ಲು ಎಡಕ್ಕೆ ಹೋಗಿ, ಆಗಲೇ ಹೊಡೆದ ಜಾಗದಲ್ಲಿ ಸಾಲಾಗಿ ಬೀಳುತ್ತದೆ. ಬಲಕ್ಕೆ ಬರುವಾಗ ಸುಮ್ನೆ ವಾಪಸ್ ತನ್ನಿ. ಸೊಂಟ ತಿರುಗಬೇಕು, ಕೈ ಅಲ್ಲ. ಒಂದು ಬೀಸು, ಅರ್ಧ ಹೆಜ್ಜೆ. ಗೋಡೆ, ಬೇಲಿ ಪಕ್ಕ ಹೋಗುವಾಗ ಗೋಡೆ ನಿಮ್ಮ ಬಲಕ್ಕೆ ಇರಲಿ, ಆ ಕಡೆ ದಾರ ನಿಮ್ಮಿಂದ ದೂರ ಓಡುತ್ತದೆ. ಎಡಕ್ಕಿದ್ದರೆ ಗೋಡೆ ಬುಡದ ಚಕ್ಕೆಯೆಲ್ಲ ನಿಮ್ಮ ಕಾಲಿಗೇ.

ಟ್ರಿಗರ್ ಒತ್ತಿ ಹೆಡ್ ಪೂರ್ತಿ ವೇಗಕ್ಕೆ ಬಂದ ಮೇಲೆ ಹುಲ್ಲಿಗೆ ತಾಗಿಸಿ. ಮೊದಲು ಹುಲ್ಲಿಗಿಟ್ಟು ಆಮೇಲೆ ಒತ್ತಿದರೆ ಸುತ್ತಿಕೊಂಡು ನಿಲ್ಲುತ್ತದೆ. ಹೆಡ್ ಅನ್ನು ಹುಲ್ಲಿನೊಳಗೆ ತೂರಿಸಬೇಡಿ. ತುದಿ ಮಾತ್ರ ಸವರಿಕೊಂಡು ಹೋಗಬೇಕು, ಕ್ಷೌರದವನು ಕಿವಿ ಹಿಂದೆ ಕತ್ತಿ ಆಡಿಸುವ ಹಾಗೆ. ಸದ್ದು ಕೇಳುತ್ತಿರಿ. ಒಂದೇ ಸಮನೆ ಕಿರ್ರ್ ಅಂತಿದ್ದರೆ ಸರಿ. ಗೊರ್ ಅಂತ ಇಳಿದರೆ ನೀವು ಜಾಸ್ತಿ ತುರುಕಿದ್ದೀರಿ, ಸ್ವಲ್ಪ ಹಿಂದೆ ತೆಗೆಯಿರಿ.

ಸೊಂಟದೆತ್ತರದ ಹುಲ್ಲನ್ನು ಬುಡದಲ್ಲಿ ಹೊಡೆದರೆ ಉದ್ದ ದಂಟೆಲ್ಲ ಹೆಡ್‌ಗೆ ಜಡೆ ಹೆಣೆದ ಹಾಗೆ ಸುತ್ತುತ್ತದೆ. ಮೊದಲು ಮೇಲಿನ ಅರ್ಧ, ಆಮೇಲೆ ಬುಡ. ಸುತ್ತಿಕೊಂಡರೆ ಇಂಜಿನ್ ಬಂದ್ ಮಾಡಿ, ಪ್ಲಗ್ ಕ್ಯಾಪ್ ತೆಗೆದೇ ಬಿಡಿಸಿ.

ದಾರ ಸವೆದು ಗಿಡ್ಡ ಆದಾಗ, ಹೆಡ್ ತಿರುಗುತ್ತಿರುವಾಗಲೇ ಅದರ ಗುಂಡಿಯನ್ನು ಮೆತ್ತನೆ ಮಣ್ಣಿಗೆ ಒಮ್ಮೆ ತಟ್ಟಿ. ಒಳಗಿನ ಸ್ಪ್ರಿಂಗ್ ಒತ್ತಿ ಉರುಳೆ ಒಂದು ಕ್ಷಣ ಬಿಡುತ್ತದೆ, ಎಳೆತಕ್ಕೆ ದಾರ ತಾನೇ ಹೊರಗೆ ಬರುತ್ತದೆ. ಕಲ್ಲಿನ ಮೇಲೆ, ಸಿಮೆಂಟ್ ಮೇಲೆ ಕುಟ್ಟಬೇಡಿ, ಗುಂಡಿ ಸವೆದು ತೂತಾಗುತ್ತದೆ. ತಟ್ಟಿದರೂ ಬರದಿದ್ದರೆ ಒಳಗೆ ದಾರ ಬಿಸಿಗೆ ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಬಿಚ್ಚಿ ಮತ್ತೆ ಸುತ್ತುವುದೇ ದಾರಿ.

ಕಾಲು ಗಂಟೆಗೊಮ್ಮೆ ಇಳಿಸಿ ಕೈ ಕೊಡವಿಕೊಳ್ಳಿ. ಮಷಿನ್ ಅದುರಿಕೆಗೆ ಬೆರಳು ಜೋಮು ಹಿಡಿಯುತ್ತವೆ, ಜೋಮು ಹಿಡಿದ ಬೆರಳು ಟ್ರಿಗರ್ ಬಿಡಲು ತಡ ಮಾಡುತ್ತದೆ.

ಗಿಡದ ಬುಡ, ಡ್ರಿಪ್ ಪೈಪ್

ಕುಷ್ಟಗಿ ತೋಟದಲ್ಲಿ ನಾನು ಒಂದೇ ಬೆಳಿಗ್ಗೆ ಏಳು ಕಡೆ ಡ್ರಿಪ್ ಪೈಪ್ ಕತ್ತರಿಸಿದ್ದೆ. ಹುಲ್ಲಿನೊಳಗೆ ಕರಿ ಪೈಪ್ ಕಾಣುವುದೇ ಇಲ್ಲ. ಈಗ ಮೊದಲು ಪೈಪುಗಳನ್ನು ಎತ್ತಿ ಗಿಡದ ಕವಲಿಗೆ ಸಿಕ್ಕಿಸಿ, ಆಮೇಲೆ ಹೊಡೆಯುತ್ತೇನೆ. ಅರ್ಧ ಗಂಟೆ ಜಾಸ್ತಿ ಹಿಡಿಯುತ್ತದೆ.

ಪೈಪ್ ಕಡಿದರೆ ಜಾಯಿಂಟ್ ಹಾಕಬಹುದು. ಗಿಡದ ತೊಗಟೆ ಹೋದರೆ ಜಾಯಿಂಟ್ ಇಲ್ಲ. ಎಳೆ ದಾಳಿಂಬೆ, ಮಾವಿನ ಬುಡಕ್ಕೆ ದಾರ ಎರಡು-ಮೂರು ಸಲ ತಾಗಿದರೆ ತೊಗಟೆ ಸುತ್ತಲೂ ಸುಲಿಯುತ್ತದೆ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ಆ ತೊಗಟೆಯಲ್ಲೇ. ಸುತ್ತಲೂ ಸುಲಿದರೆ ಗಿಡ ಕೆಲವು ವಾರ ಹಸಿರಾಗೇ ನಿಂತು, ಆಮೇಲೆ ಒಣಗುತ್ತದೆ. ಆಗ ನಾವು ರೋಗ ಬಂತು ಅಂತ ಔಷಧಿ ಹೊಡೆಯುತ್ತೇವೆ. ಬುಡದ ಸುತ್ತ ಒಂದು ಗೇಣು ಜಾಗವನ್ನು ಕೈಯಿಂದಲೇ ಕೀಳಿ, ಇಲ್ಲವೇ ಹಳೆ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ಬುಡಕ್ಕೆ ತೊಡಿಸಿ.

ದಾರದಿಂದ ಆಗದ್ದು

ಬಳ್ಳಾರಿ ಜಾಲಿಗೆ ದಾರ ಏನೂ ಮಾಡುವುದಿಲ್ಲ. ಕಿರುಬೆರಳಿಗಿಂತ ದಪ್ಪದ ಯಾವ ಕಟ್ಟಿಗೆಗೂ ಆಗುವುದಿಲ್ಲ. ಅದಕ್ಕೆ ಲೋಹದ ಬ್ಲೇಡ್ ಬೇಕು, ಅದರ ಗಾರ್ಡ್ ಬೇರೆ. ಬ್ಲೇಡಿನ ಮುಂದಿನ ಬಲ ಭಾಗ ಗಟ್ಟಿ ಕಟ್ಟಿಗೆಗೆ ತಾಗಿದರೆ ಮಷಿನ್ ರಪ್ ಅಂತ ಒದೆಯುತ್ತದೆ. ದಾರ ಅಭ್ಯಾಸವಾದ ಕೈಗೆ ಅದು ಗೊತ್ತಿರುವುದಿಲ್ಲ.

ಕಾಂಗ್ರೆಸ್ ಕಸವನ್ನು ಹೂ ಬಿಡುವ ಮುಂಚೆ ಹೊಡೆಯಿರಿ. ಬೀಜ ಕಟ್ಟಿದ ಮೇಲೆ ಹೊಡೆದರೆ ನೀವೇ ಬಿತ್ತಿದ ಹಾಗೆ. ಗರಿಕೆ, ಜೇಕು ಎಷ್ಟು ಹೊಡೆದರೂ ಚಿಗುರುತ್ತವೆ, ನೆಲದೊಳಗೆ ಅವುಗಳ ಗಂಟು, ಬೇರು ಹಾಗೇ ಇರುತ್ತದೆ.

ದಾರದಲ್ಲಿ ಹೊಡೆದ ಹುಲ್ಲನ್ನು ದನಕ್ಕೆ ಹಾಕಬೇಡಿ. ಅದು ಮಣ್ಣು ಬೆರೆತು ಚೂರುಚೂರಾಗಿರುತ್ತದೆ, ಜೊತೆಗೆ ಸವೆದ ನೈಲಾನ್ ಚೂರೂ ಅದರಲ್ಲೇ ಇರುತ್ತದೆ. ಮೇವಿಗೆ ಕುಡುಗೋಲೇ ಸರಿ. ಕಾಕಾ ಮಾತು ಈ ಒಂದು ವಿಷಯದಲ್ಲಿ ನಿಜವಾಯಿತು, ಅದನ್ನು ಅವರು ಈಗಲೂ ನೆನಪಿಸುತ್ತಾರೆ.

ಮುಗಿದ ಮೇಲೆ

ಗಾರ್ಡ್ ಒಳಗೆ ಮೆತ್ತಿದ ಹಸಿ ಹುಲ್ಲನ್ನು ಅಂದೇ ಕೆರೆದು ತೆಗೆಯಿರಿ, ಮರುದಿನ ಸಿಮೆಂಟ್ ಆಗಿರುತ್ತದೆ. ಏರ್ ಫಿಲ್ಟರ್ ಸ್ಪಂಜನ್ನು ಸೋಪು ನೀರಲ್ಲಿ ತೊಳೆದು ಒಣಗಿಸಿ, ನಮ್ಮ ಧೂಳಿಗೆ ಇದು ವಾರಕ್ಕೊಮ್ಮೆ ಬೇಕು. ಇಪ್ಪತ್ತು-ಇಪ್ಪತ್ತೈದು ಗಂಟೆ ಓಡಿದ ಮೇಲೆ ಹೆಡ್ ಮೇಲಿನ ಗೇರ್ ಬಾಕ್ಸ್‌ಗೆ ಗ್ರೀಸ್. ತಿಂಗಳುಗಟ್ಟಲೆ ಮುಟ್ಟುವುದಿಲ್ಲ ಅಂದರೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬೊರೇಟರ್‌ನಲ್ಲಿ ಉಳಿದದ್ದೂ ಮುಗಿದು ತಾನೇ ಆಫ್ ಆಗುವವರೆಗೆ ಓಡಿಸಿ. ಈಗಿನ ಪೆಟ್ರೋಲಿನಲ್ಲಿ ಬೆರೆತಿರುವ ಎಥೆನಾಲ್ ಗಾಳಿಯ ತೇವ ಹೀರಿಕೊಂಡು ಒಳಗೇ ಕೂರುತ್ತದೆ, ಮುಂದಿನ ಹಂಗಾಮಿಗೆ ಎಷ್ಟು ಹಗ್ಗ ಎಳೆದರೂ ಶುರುವಾಗುವುದಿಲ್ಲ. ಉಳಿದ ದಾರದ ಸುರುಳಿಯನ್ನು ತಗಡಿನ ಶೆಡ್‌ಗೆ ಒಯ್ಯಬೇಡಿ. ನಮ್ಮದು ಬಚ್ಚಲಮನೆಯ ಮೂಲೆಯಲ್ಲಿ, ಹಳೇ ಪೇಂಟ್ ಡಬ್ಬಿಯ ನೀರಿನಲ್ಲಿದೆ.